ಬಿಸಿಲಿಗೆ ಮುನಿಯುವ ಕಿಡಿ

ಮನೆಯಲ್ಲಿ ರಾತ್ರಿಯಿಡೀ ನರಳಿದ ರೋಗಿ ವೈದ್ಯರ ಮುಂದೆ ಕುಳಿತೊಡನೆ ‘ಈಗ ಆರಾಮ ಐತ್ರಿ’ ಎನ್ನುವುದುಂಟು. ಯಂತ್ರಗಳಿಗೂ ಇಂಥ ಕಾಯಿಲೆಗಳಿವೆ. ಪೂರ್ತಿ ಕೆಟ್ಟು ನಿಂತ ಯಂತ್ರದ ದೋಷ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರವೇ ನಮ್ಮ ತಾಳ್ಮೆಯನ್ನು ಪರೀಕ್ಷಿಸುವುದು. ಅದು ಕೆಟ್ಟಾಗ ನಾವು ನಡುದಾರಿಯಲ್ಲಿರುತ್ತೇವೆ. ಗ್ಯಾರೇಜು ಮುಟ್ಟುವಷ್ಟರಲ್ಲಿ ಅದು ನೆಟ್ಟಗಾಗಿರುತ್ತದೆ.

ಸವಡಿಯ ರೈತರೊಬ್ಬರ ಹಳೆಯ ಯಜ್ಡಿ ಮೋಟಾರ್ ಸೈಕಲ್ಲಿಗೆ ಬಂದದ್ದು ಇದೇ ಕಾಯಿಲೆ. ದಿನಾಲು ರೋಣಕ್ಕೆ ಹಾಲು ಮುಟ್ಟಿಸುವುದು ಅದರ ಮೇಲೆಯೇ. ‘ಸರ, ಮುಂಜಾನೆ ಒಂದ ಕಿಕ್ಕಿಗೆ ಚಾಲೂ ಆಕ್ಕೈತಿ. ಹೊಳ್ಳಿ ಬರೂವಾಗ ಬಿಸಲಾಗ ಬಂದ್ ಬೀಳತೈತಿ. ಬೇವಿನ ಗಿಡದ ಬುಡಕ ಅರ್ಧಾ ತಾಸು ನಿಂದ್ರಿಸಿದ್ರ ಮತ್ತ ಚಾಲೂ’ ಎಂದು ಅವರು ಹೇಳಿದರು. ಮೂವರು ಮೆಕ್ಯಾನಿಕರು ನೋಡಿಯಾಗಿತ್ತು. ಪ್ಲಗ್ ಹೊಸದಾಯಿತು, ಕಾರ್ಬ್ಯುರೇಟರ್ ತೊಳೆದದ್ದಾಯಿತು, ಪಾಯಿಂಟ್ ಬದಲಾಯಿತು. ಹಣ ಹೋಯಿತೇ ಹೊರತು ದೋಷ ಹೋಗಲಿಲ್ಲ. ಗಾಡಿಯನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಎದ್ದಿತ್ತು. ಇದರಲ್ಲಿ ಮೆಕ್ಯಾನಿಕರ ತಪ್ಪೇನೂ ಇಲ್ಲ. ಅವರ ಕೈಗೆ ಸಿಕ್ಕಾಗ ಗಾಡಿ ಸರಿಯಾಗಿಯೇ ಇರುತ್ತಿತ್ತು!

ಯಜ್ಡಿ ನಮ್ಮ ಕರ್ನಾಟಕದ್ದೇ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಂದಿಗೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಸತೊಡಗಿತು. 1973ರಿಂದ ಅವು ಯಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಿಯರಿನ ಲಿವರನ್ನೇ ಹೊರಳಿಸಿ ಕಿಕ್ ಹೊಡೆಯುವ ಆ ಗಾಡಿಗಳು ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ಈ ಹೆಸರುಗಳು 2018ರಲ್ಲಿ ಹಾಗೂ 2022ರಲ್ಲಿ ಮರಳಿ ಬಂದರೂ ಹೊಸ ಗಾಡಿಗಳ ಕಿಡಿಯ ವ್ಯವಸ್ಥೆ ಪೂರ್ತಿ ಎಲೆಕ್ಟ್ರಾನಿಕ್. ಹಳೆಯದರಲ್ಲಾದರೋ ಎಲ್ಲವೂ ಕಣ್ಣಿಗೆ ಕಾಣುವಂತಿದೆ. ವಿಜ್ಞಾನ ಕಲಿಯುವವರಿಗೆ ಅದು ತೆರೆದ ಪುಸ್ತಕ.

ಬ್ಯಾಟರಿ ಇರುವುದು ಬರೀ 6 ವೋಲ್ಟಿನದು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹತ್ತು ಸಾವಿರ ವೋಲ್ಟಿಗೂ ಹೆಚ್ಚು ಬೇಕಾಗಬಹುದು. ಇದು ಎಲ್ಲಿಂದ ಬರಬೇಕು? ಉತ್ತರ ವಿಜ್ಞಾನದ ಪಾಠದಲ್ಲಿಯೇ ಇದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಆ ಉತ್ತರ. ಬ್ಯಾಟರಿಯ ವಿದ್ಯುತ್ತು ಕೀಲಿಯ ಸ್ವಿಚ್ಚು, ಕಾಯಿಲಿನ ದಪ್ಪ ತಂತಿಯ ಸುತ್ತು, ಪಾಯಿಂಟ್ ಇವುಗಳನ್ನು ಹಾಯ್ದು ಎಂಜಿನ್ನಿನ ಲೋಹದ ಮೈ ಸೇರುತ್ತದೆ. ಕಾಯಿಲಿನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಪಾಯಿಂಟ್ ತೆರೆದೊಡನೆ ಪ್ರವಾಹ ಕಡಿದು ಕಾಂತಕ್ಷೇತ್ರ ಕುಸಿಯುತ್ತದೆ. ಪಕ್ಕದಲ್ಲಿರುವ ಸಾವಿರಾರು ಸುತ್ತಿನ ಸಣ್ಣ ತಂತಿಯಲ್ಲಿ ಆಗ ಭಾರಿ ವೋಲ್ಟೇಜ್ ಹುಟ್ಟುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಟೂ-ಸ್ಟ್ರೋಕ್ ಗಾಡಿಯಲ್ಲಿ ಸೆಕೆಂಡಿಗೆ 50 ಸಲ ಹೀಗಾಗಬೇಕು.

ಕಾಂತಕ್ಷೇತ್ರ ಎಷ್ಟು ಬೇಗ ಕುಸಿಯುತ್ತದೆಯೋ ಅಷ್ಟು ಹೆಚ್ಚು ವೋಲ್ಟೇಜು. ಆದರೆ ಹರಿಯುವ ಪ್ರವಾಹ ಸುಲಭವಾಗಿ ನಿಲ್ಲುವುದಿಲ್ಲ. ತೆರೆದ ಪಾಯಿಂಟಿನ ಸಂದಿಯಲ್ಲೇ ಕಿಡಿಯಾಗಿ ಹಾರಲು ನೋಡುತ್ತದೆ. ಅದನ್ನು ತಡೆಯಲೆಂದೇ ಪಾಯಿಂಟಿಗೆ ಜೋಡಿಯಾಗಿ ಹೆಬ್ಬೆರಳಿನಷ್ಟು ಗಾತ್ರದ ಕಂಡೆನ್ಸರ್ ಇಟ್ಟಿರುತ್ತಾರೆ. ಲೋಹದ ಎರಡು ತೆಳು ಹಾಳೆಗಳ ನಡುವೆ ನಿರೋಧಕ ಕಾಗದವಿಟ್ಟು ಸುತ್ತಿದ ಸುರುಳಿ ಅದು. ಪಾಯಿಂಟ್ ತೆರೆದ ಕ್ಷಣ ಪ್ರವಾಹಕ್ಕೆ ಅಲ್ಲಿ ಎಡೆ ಸಿಗುತ್ತದೆ, ಪಾಯಿಂಟ್ ಸುಡುವುದು ತಪ್ಪುತ್ತದೆ.

ಇನ್ನು ರೋಗ ಪತ್ತೆ. ಆ ರೈತರ ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಏನನ್ನೂ ಬಿಚ್ಚುವ ಮೊದಲು ಒಂದು ವಾರ ಬರೆದಿಡಲು ಅವನಿಗೆ ಹೇಳಿದೆ. ಗಾಡಿ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ದೂರ ಓಡಿತ್ತು, ಎಷ್ಟು ಹೊತ್ತಿಗೆ ಮತ್ತೆ ಚಾಲೂ ಆಯಿತು, ಇಷ್ಟೇ. ವಾರದ ಪಟ್ಟಿ ನೋಡಿದರೆ ಗಾಡಿ ತಣ್ಣಗಿದ್ದಾಗ ಒಮ್ಮೆಯೂ ನಿಂತಿರಲಿಲ್ಲ. ತಗ್ಗು ದಿಣ್ಣೆಗಳಲ್ಲಿ ಕುಲುಕಿದಾಗಲೂ ನಿಂತಿರಲಿಲ್ಲ. ಸಡಿಲ ತಂತಿಯಾಗಿದ್ದರೆ ಕುಲುಕಿದಾಗ ತೊಂದರೆ ಕಾಣಬೇಕಿತ್ತು. ಆದ್ದರಿಂದ ಸಂಶಯ ಬಿಸಿಯ ಕಡೆಗೆ ತಿರುಗಿತು.

ಮುಂದಿನ ಹೆಜ್ಜೆಯೆಂದರೆ ದೋಷ ಇರುವಾಗಲೇ ಪರೀಕ್ಷಿಸುವುದು. ಒಂದು ಮಧ್ಯಾಹ್ನ ಗಾಡಿ ನಿಂತಲ್ಲಿಯೇ ತಂದೆ ಮಗ ಇಬ್ಬರೂ ಪ್ಲಗ್ ಬಿಚ್ಚಿ ನೋಡಿದರು. ಪ್ಲಗ್ ಪೆಟ್ರೋಲಿನಿಂದ ಹಸಿಯಾಗಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಆಮೇಲೆ 6 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ ಪರೀಕ್ಷೆಗೆ ತೊಡಗಿದರು. ಬಲ್ಬಿನ ಒಂದು ತಂತಿ ಎಂಜಿನ್ನಿನ ಮೈಗೆ, ಇನ್ನೊಂದು ಕಾಯಿಲಿಗೆ ವಿದ್ಯುತ್ತು ಬರುವ ತುದಿಗೆ. ಬಲ್ಬು ಉರಿಯಿತು. ಬ್ಯಾಟರಿ, ಸ್ವಿಚ್ಚು ಎರಡೂ ನಿರಪರಾಧಿಗಳು. ಬಳಿಕ ಆ ತಂತಿಯನ್ನು ಪಾಯಿಂಟಿನ ತುದಿಗೆ ಹಿಡಿದು ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದರು. ಪಾಯಿಂಟ್ ಮುಚ್ಚಿದಾಗ ಬಲ್ಬು ಆರಬೇಕು, ತೆರೆದಾಗ ಉರಿಯಬೇಕು. ಆದರೆ ಪಾಯಿಂಟ್ ತೆರೆದಿದ್ದರೂ ಬಲ್ಬು ಉರಿಯಲಿಲ್ಲ.

ಇದಕ್ಕೆ ಎರಡು ಕಾರಣ ಸಾಧ್ಯ. ಒಂದು, ಕಾಯಿಲಿನ ಒಳತಂತಿ ಕಡಿದಿರಬೇಕು. ಇಲ್ಲವೇ ವಿದ್ಯುತ್ತು ಪಾಯಿಂಟನ್ನು ಬಿಟ್ಟು ಬೇರೆ ದಾರಿಯಿಂದ ಎಂಜಿನ್ನಿನ ಮೈಗೆ ಸೋರುತ್ತಿರಬೇಕು. ಕಂಡೆನ್ಸರಿನ ತಂತಿಯೊಂದನ್ನೇ ಬಿಚ್ಚಿದರು. ಒಡನೆಯೇ ಬಲ್ಬು ಪಾಯಿಂಟಿನ ತಾಳಕ್ಕೆ ಸರಿಯಾಗಿ ಉರಿಯುತ್ತ ಆರುತ್ತ ಬಂತು. ಕಳ್ಳ ಸಿಕ್ಕ! ವಯಸ್ಸಾದ ಕಂಡೆನ್ಸರಿನ ಒಳಗಿನ ನಿರೋಧಕ ಎಂಜಿನ್ನಿನ ಬಿಸಿಗೆ ಸೋಲುತ್ತಿತ್ತು. ತಣ್ಣಗಾದರೆ ಮತ್ತೆ ಸರಿಯಾಗುತ್ತಿತ್ತು. ಅದಕ್ಕೇ ಬೇವಿನ ನೆರಳಿನ ಉಪಚಾರ ಹಿಡಿಯುತ್ತಿತ್ತು.

ಹೊಸ ಕಂಡೆನ್ಸರ್ ಹಾಕಿದ ಮೇಲೂ ಹುಡುಗ ಪಟ್ಟಿ ಬರೆಯುವುದನ್ನು ನಿಲ್ಲಿಸಲಿಲ್ಲ. ಅದೇ ದಾರಿ, ಅದೇ ಬಿಸಿಲು, ಮತ್ತೊಂದು ವಾರ. ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಇದು ಬಹಳ ಮುಖ್ಯ. ಬಂದು ಹೋಗುವ ದೋಷದಲ್ಲಿ ಒಂದು ಸಲ ಚಾಲೂ ಆಗುವುದು ಪುರಾವೆಯಲ್ಲ, ಅದು ತಾನಾಗಿಯೇ ಚಾಲೂ ಆಗುತ್ತಿತ್ತಲ್ಲ!

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಪ್ಲಗ್ಗಿಗೆ ಹೋಗುವ ದಪ್ಪ ವೈರನ್ನು ಎಂಜಿನ್ ತಿರುಗುವಾಗ ಮುಟ್ಟಬಾರದು, ಜೋರಾಗಿ ಹೊಡೆಯುತ್ತದೆ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಬರುತ್ತದೆ. ಅದರ ಬಳಿ ಕಿಡಿ ಹಾರಿಸಿದರೆ ಬೆಂಕಿ ಹತ್ತಬಹುದು. ಆದ್ದರಿಂದ ಬಲ್ಬಿನ ಪರೀಕ್ಷೆ ನಡೆಸುವಾಗ ಪ್ಲಗ್ಗನ್ನು ಮರಳಿ ಅದರ ಜಾಗದಲ್ಲಿ ಬಿಗಿದಿರಬೇಕು, ಪ್ಲಗ್ಗಿನ ವೈರನ್ನೂ ಅದಕ್ಕೆ ಸಿಕ್ಕಿಸಿರಬೇಕು. ಹಿರಿಯರು ಪಕ್ಕದಲ್ಲಿಲ್ಲದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ.

ಪಾಲಕರಿಗೂ ಒಂದು ಮಾತು. ಹುಡುಗ ಗಾಡಿಯ ಮುಂದೆ ಕುಳಿತರೆ ‘ಓದೂದು ಬಿಟ್ಟು ಮೈಗೆ ಎಣ್ಣಿ ಹಚ್ಚಿಗೋತಿ ಏನು’ ಎಂದು ಗದರಿಸುವುದು ನಮ್ಮಲ್ಲಿ ರೂಢಿ. ಆದರೆ ನೋಡಿದ್ದನ್ನು ಬರೆದಿಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಊಹೆಯನ್ನು ಪರೀಕ್ಷೆಗೆ ಒಡ್ಡುವುದು ಇವೇ ಪ್ರಯೋಗಾಲಯದ ಪಾಠಗಳು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಉಪಕರಣಗಳ ಕೊರತೆ ಇರಬಹುದು. ನಿಲ್ಲುವ ಪಂಪ್‌ಸೆಟ್ಟು, ಮಿಣುಕುವ ದೀಪ, ಗೊರಗುಟ್ಟುವ ಫ್ಯಾನಿಗೆ ಯಾವ ಮನೆಯಲ್ಲೂ ಕೊರತೆಯಿಲ್ಲ. ಮುಂದಿನ ಸಲ ಇಂಥದೊಂದು ಕೆಟ್ಟಾಗ ದೋಷ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಮಗುವಿಗೆ ಬರೆದಿಡಲು ಹೇಳಿ. ರಿಪೇರಿಗೆ ಬಂದವರ ಕೈಗೆ ಆ ಹಾಳೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.