ಮುಂಗಡ ಒಬ್ಬನದು, ಮೋಜು ಇನ್ನೊಬ್ಬನದು



ಅಮೆರಿಕದ ಕರೆಂಟು ಕಾರಿನ ಸುದ್ದಿ ನಮಗ್ಯಾಕೆ ಅಂತ ಪುಟ ತಿರುವಬೇಡಿ. ಅಲ್ಲಿ ಕಾರಿಗೆ ದುಡ್ಡು ಕಟ್ಟಿದವನಿಗೆ ಆದದ್ದೂ, ಇಲ್ಲಿ ಕಬ್ಬು ಕೊಟ್ಟ ನಮಗೆ ಆಗುತ್ತಿರುವುದೂ ಒಂದೇ ಲೆಕ್ಕ.

ಟೆಸ್ಲಾ ಕಂಪನಿ 2016ರ ಮಾರ್ಚ್ 31ರಂದು ಮಾಡೆಲ್ 3 ಎಂಬ ಕಾರನ್ನು ತೋರಿಸಿತು. ಬೆಲೆ 35,000 ಡಾಲರ್ ಎಂದು ಸಾರಿತು. ಸಾವಿರ ಡಾಲರ್ ಮುಂಗಡ ಕಟ್ಟಿದವರಿಗೆ ಸರದಿಯಲ್ಲಿ ಜಾಗ. ಒಂದೇ ವಾರದಲ್ಲಿ 3,25,000 ಬುಕಿಂಗ್ ಆಯಿತೆಂದು ಕಂಪನಿಯೇ ಹೇಳಿತು. ಗುಣಿಸಿ ನೋಡಿ, 32.5 ಕೋಟಿ ಡಾಲರ್! ಬೇಡವೆಂದವರಿಗೆ ಹಣ ವಾಪಸು ಎಂದರು, ನಿಜ. ಆದರೆ ಬಡ್ಡಿ ಒಂದು ಕಾಸೂ ಇಲ್ಲ. ನಾವು ಸಾಲ ಕೇಳಿದರೆ ಸೊಸೈಟಿಯವರು ಪಹಣಿ ಕೇಳ್ತಾರೆ, ಜಾಮೀನು ಕೇಳ್ತಾರೆ. ಅವರಿಗೆ ಮಾದರಿ ಕಾರು ತೋರಿಸಿದ್ದೇ ಜಾಮೀನಾಯಿತು.

ಸರದಿಯ ಕಥೆ ಕೇಳಿ. 2017ರ ಜುಲೈನಲ್ಲಿ ಮೊದಲ ಕಾರುಗಳು ಕಂಪನಿಯ ನೌಕರರಿಗೆ ಹೋದವು. ಆಮೇಲೆ ಹಳೆಯ ಗಿರಾಕಿಗಳಿಗೆ. ಮೊದಲು ಮಾಡಿದ್ದೂ 49,000 ಡಾಲರಿನ ದುಬಾರಿ ಕಾರನ್ನೇ. ಅಗ್ಗದ ಕಾರನ್ನು ಈಗಲೇ ಕೊಟ್ಟರೆ ಕಂಪನಿ ಸಾಯುತ್ತದೆ ಎಂದು ಎಲಾನ್ ಮಸ್ಕ್ 2018ರ ಮೇ ತಿಂಗಳಲ್ಲಿ ಹೇಳಿದರು. ಅದು ಮಾರಾಟಕ್ಕೆ ಬಂದದ್ದು 2019ರ ಫೆಬ್ರವರಿ 28ಕ್ಕೆ. ಅಷ್ಟರಲ್ಲಿ ಕಂಪನಿಯ ಮಾರಾಟ ಎರಡು ಲಕ್ಷ ದಾಟಿ, ಅಲ್ಲಿನ ಸರ್ಕಾರದ 7,500 ಡಾಲರ್ ತೆರಿಗೆ ರಿಯಾಯಿತಿ ಜನವರಿಯಿಂದಲೇ ಅರ್ಧಕ್ಕಿಳಿದಿತ್ತು. ದುಬಾರಿ ಕಾರು ಕೊಂಡು ಮುಂದೆ ಹೋದವನಿಗೆ ಪೂರ್ತಿ ರಿಯಾಯಿತಿ, ಅಗ್ಗದ್ದಕ್ಕೆ ಕಾದವನಿಗೆ ಅರ್ಧ. ಇದ್ಯಾವ ನ್ಯಾಯ?

ನಮ್ಮ ದೇಶದಲ್ಲೂ ಕೆಲವರು 2016ರಲ್ಲೇ ಮುಂಗಡ ಕಟ್ಟಿದ್ದರು. ಕಂಪನಿ ಮುಂಬೈಯಲ್ಲಿ ಅಂಗಡಿ ತೆರೆದದ್ದು 2025ರ ಜುಲೈನಲ್ಲಿ. ತಂದದ್ದು ಬೇರೆ ಕಾರು, ಬೆಲೆ ಸುಮಾರು 60 ಲಕ್ಷ ರೂಪಾಯಿ!

ಹೊಸ ಕಾರ್ಖಾನೆ, ತಡ ಆಗೋದು ಸಹಜ ಅಂತಾರೆ. ಆಗಲಿ. ಮಳೆ ತಡವಾದ ವರ್ಷ ನಮ್ಮ ಸಾಲದ ಬಡ್ಡಿ ನಿಂತಿತ್ತೇ?

ಈಗ ನಮ್ಮ ಹೊಲಕ್ಕೆ ಬನ್ನಿ. ನಾಟಿ ತಾರೀಖಿನ ಪ್ರಕಾರ ಕಟಾವು ಅಂತಾರೆ, ವಶೀಲಿ ಇದ್ದವನ ಗದ್ದೆಗೆ ಗ್ಯಾಂಗು ಮೊದಲು ಹೋಗುತ್ತೆ. ಕಾದವನ ಕಬ್ಬು ಒಣಗಿ ತೂಕ ಇಳಿಯುತ್ತೆ. ಕೊಟ್ಟ ಮೇಲೆ ದುಡ್ಡಿಗೆ ಮತ್ತೊಂದು ಸರದಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಸ್ಪಷ್ಟವಾಗಿದೆ: ಬೇರೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಆ ಬಡ್ಡಿ ಪಡೆದವರು ನಿಮ್ಮೂರಲ್ಲಿ ಎಷ್ಟು ಮಂದಿ? ಕಬ್ಬನ್ನೇ ಸಾಲ ಕೊಟ್ಟವರು ನಾವು. ಸಾಲಗಾರ ಅಂತ ನೋಟೀಸು ಬರೋದೂ ನಮಗೇ!

ಮುಂಗಡವೂ ಸಾಲವೇ, ಬಾಕಿಯೂ ಸಾಲವೇ. ಪರರ ದುಡ್ಡು ಹಿಡಿದವನು ತಾರೀಖು ಬರೆದು ಕೊಡಲಿ. ಸರದಿ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಲಿ. ತಾರೀಖು ದಾಟಿದರೆ ಬಡ್ಡಿ ಕಟ್ಟಲಿ. ಕಾರಿಗೂ ಇದೇ ನ್ಯಾಯ, ಕಬ್ಬಿಗೂ ಇದೇ ನ್ಯಾಯ.

ನಾಳೆ ನಿಮ್ಮ ಮಗ ಕರೆಂಟು ಸ್ಕೂಟರಿಗೆ ಮುಂಗಡ ಕಟ್ಟಲು ಹೊರಟರೆ ಮೊದಲು ತಾರೀಖು ಬರೆಸಿಕೊಳ್ಳಲು ಹೇಳಿ. ಕಾರ್ಖಾನೆಯವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ತೂಕದ ಚೀಟಿ ಜೋಪಾನ ಮಾಡಿ. ಹದಿನೈದನೆಯ ದಿನ ಒಬ್ಬೊಬ್ಬರೇ ಹೋಗಿ ಕೈಮುಗಿದು ನಿಲ್ಲಬೇಡಿ, ಊರೇ ಒಟ್ಟಾಗಿ ಹೋಗಿ ಬಡ್ಡಿಯ ಲೆಕ್ಕ ಕೇಳಿ.