ವರದಿಯಲ್ಲೊಂದು ಅಪರಿಚಿತ ಪದ

ಮಧುಗಿರಿಯ ವಾಚಕ ಸೋದರಿಯೊಬ್ಬರು ಬರೆದಿದ್ದಾರೆ. ಮುಟ್ಟು ನಿಂತು 12 ವರ್ಷಗಳಾಗಿದ್ದ ಅವರ ತಾಯಿಗೆ ಮತ್ತೆ ರಕ್ತ ಕಾಣಿಸಿತು. ಉಷ್ಣವಿರಬೇಕೆಂದು ಮನೆಯವರು ಎಳನೀರು ಕುಡಿಸಿ 4 ತಿಂಗಳು ಕಳೆದರು. ಕೊನೆಗೆ ಗರ್ಭಕೋಶದ ಒಳಪೊರೆಯನ್ನು ಕೆರೆದು ಪರೀಕ್ಷೆಗೆ ಕಳುಹಿಸಿದಾಗ ಸಾಮಾನ್ಯ ಬಗೆಯ ಕ್ಯಾನ್ಸರ್ ಎಂಬ ವರದಿ ಬಂದಿತು. ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶವನ್ನು ತೆಗೆದ ಮೇಲೆ ಬಂದ ಎರಡನೆಯ ವರದಿಯಲ್ಲಿ ‘ನ್ಯೂರೋಎಂಡೋಕ್ರೈನ್ ಲಕ್ಷಣಗಳಿವೆ’ ಎಂದಿದೆ. “ಇವರಲ್ಲಿ ತಪ್ಪಿದವರು ಯಾರು, ಡಾಕ್ಟರೇ?” ಎಂಬುದು ಅವರ ಪ್ರಶ್ನೆ.

ಯಾರೂ ತಪ್ಪಿರಲಿಕ್ಕಿಲ್ಲ, ತಂಗಿ. ಕೆರೆದು ತೆಗೆದದ್ದು ಚಿಟಿಕೆಯಷ್ಟು ಅಂಗಾಂಶ. ಈ ಬಗೆಯ ಗಡ್ಡೆ ಅನೇಕ ವೇಳೆ ಮಿಶ್ರ ಸ್ವಭಾವದ್ದು. ಒಂದು ಭಾಗದಲ್ಲಿ ಸಾಮಾನ್ಯ ಕ್ಯಾನ್ಸರಿನ ಜೀವಕೋಶಗಳಿದ್ದರೆ ಪಕ್ಕದಲ್ಲಿಯೇ ಬೇರೆ ಜಾತಿಯವು ಇರುತ್ತವೆ. ಚಿಟಿಕೆ ಬಂದದ್ದು ಮೊದಲನೆಯ ಭಾಗದಿಂದಾದರೆ ಎರಡನೆಯದು ಕಾಣುವುದೆಂತು?

ನರದ ಗುಣವನ್ನೂ ಹಾರ್ಮೋನು ಸ್ರವಿಸುವ ಗ್ರಂಥಿಯ ಗುಣವನ್ನೂ ಒಟ್ಟಿಗೆ ಪಡೆದ ಜೀವಕೋಶಗಳಿಗೆ ಈ ಉದ್ದನೆಯ ಹೆಸರು. ಕರುಳಿನಲ್ಲಿ ಹುಟ್ಟುವ ಇಂಥ ಮಂದಗತಿಯ ಗಡ್ಡೆಗಳಿಗೆ 1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಎಂಬ ವೈದ್ಯ ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟ. ಗರ್ಭಕೋಶದ ಒಳಪೊರೆಯಲ್ಲಿ ಹುಟ್ಟುವ ನ್ಯೂರೋಎಂಡೋಕ್ರೈನ್ ಕ್ಯಾನ್ಸರ್ ಅಷ್ಟು ಸಾಧುವಲ್ಲ. ಅಲ್ಲಿನ 100 ಕ್ಯಾನ್ಸರುಗಳಲ್ಲಿ ಒಂದಕ್ಕಿಂತಲೂ ಕಡಿಮೆ; ಆದರೆ ಬೇಗನೆ ಹರಡತಕ್ಕದ್ದು.

ಅದನ್ನು ಗುರುತಿಸುವ ಬಗೆ ಸ್ವಾರಸ್ಯವಾಗಿದೆ. ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡುವುದು ರೂಪವನ್ನು. ಜೀವಕೋಶಗಳು ಗೂಡುಗೂಡಾಗಿ ನೆರೆದಿವೆಯೇ, ಸಾಲುಗಟ್ಟಿವೆಯೇ, ಹೂವಿನ ಎಸಳುಗಳಂತೆ ಸುತ್ತುವರಿದು ನಿಂತಿವೆಯೇ? ಸಂಶಯ ಮೂಡಿದರೆ ಬಣ್ಣದ ಪರೀಕ್ಷೆ. ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಎಂಬ ಪ್ರೋಟೀನುಗಳಿರುವ ಕಡೆ ಗಾಜಿನ ಮೇಲಿನ ತೆಳು ಪದರ ಕಂದುಬಣ್ಣ ತಾಳುತ್ತದೆ. ಸಿಡಿ 56 ಎಂಬ ಮತ್ತೊಂದು ಸಾಕ್ಷಿಯುಂಟು. ಅದು ಸಾಮಾನ್ಯ ಕ್ಯಾನ್ಸರಿನಲ್ಲಿಯೂ ಮುಖ ತೋರುವುದರಿಂದ ಅದೊಂದರ ಮಾತನ್ನೇ ನಂಬುವಂತಿಲ್ಲ. ಸಾಮಾನ್ಯ ಕ್ಯಾನ್ಸರಿನಲ್ಲಿ ಅಲ್ಲೊಂದು ಇಲ್ಲೊಂದು ಕಂದು ಕೋಶ ಕಂಡ ಮಾತ್ರಕ್ಕೆ ರೋಗದ ಹೆಸರು ಬದಲಾಗುವುದಿಲ್ಲ. ರೂಪವೂ ಬಣ್ಣವೂ ಒಂದನ್ನೊಂದು ಒಪ್ಪಬೇಕು.

ಆದ್ದರಿಂದ ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ಲಕ್ಷಣಗಳಷ್ಟೇ ಇವೆಯೋ, ಅಥವಾ ನ್ಯೂರೋಎಂಡೋಕ್ರೈನ್ ಕಾರ್ಸಿನೋಮವೇ ಇದೆಯೋ? ಗರ್ಭಕೋಶದ ಕೊರಳಿನಿಂದ ಬಂದದ್ದಲ್ಲವೆಂಬುದು ಖಚಿತವೇ? ಕಾರ್ಸಿನೋಮವೇ ಆದರೆ ಶ್ವಾಸಕೋಶದ ಸಣ್ಣಕೋಶದ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ಎಟೋಪೊಸೈಡ್ ಔಷಧಿಗಳು ಬೇಕಾಗಬಹುದು. ಒಂದು ಪದದಿಂದ ಚಿಕಿತ್ಸೆಯೇ ಬೇರೆಯಾಗುತ್ತದೆ.

ಎಳನೀರಿನ ಮೇಲೆ ನನಗೆ ವೈರವಿಲ್ಲ. ಆದರೆ ಮುಟ್ಟು ನಿಂತ ಬಳಿಕ ರಕ್ತ ಕಂಡ 100 ಮಂದಿಯಲ್ಲಿ ಸುಮಾರು 9 ಮಂದಿಗೆ ಒಳಪೊರೆಯ ಕ್ಯಾನ್ಸರ್ ಇರುತ್ತದೆ. ಉಳಿದವರಿಗೆ ಕಾರಣ ಬೇರೆ; ಯಾರು ಆ 9ರಲ್ಲಿದ್ದಾರೆಂಬುದನ್ನು ಮನೆಯಲ್ಲಿ ಕುಳಿತು ಹೇಳಲಾಗದು. ಅತ್ತೆಯವರು ಸೊಸೆಗೆ ಹೇಳಲು ನಾಚುತ್ತಾರೆ, ಸೊಸೆ ಗಂಡನಿಗೆ ಹೇಳಲು ನಾಚುತ್ತಾಳೆ, ತಿಂಗಳುಗಳು ಉರುಳುತ್ತವೆ.

ಶಿರಾ, ಕೊರಟಗೆರೆ, ಪಾವಗಡಗಳ ವಾಚಕರಿಗೂ ಒಂದು ಮಾತು. ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿಲೋಮೀಟರು. ತೆಗೆದ ತುಣುಕನ್ನು ಮನೆಯವರ ಕೈಗೇ ಕೊಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರೆ ಅದು ಶೇಕಡ 10ರ ಫಾರ್ಮಲಿನ್ ದ್ರವದಲ್ಲಿದೆಯೇ ಎಂದು ಕೇಳಿಕೊಳ್ಳಿರಿ. ದ್ರವವು ತುಣುಕಿನ ಹತ್ತು ಪಟ್ಟಾದರೂ ಇರಬೇಕು. ಬರಿಯ ಸಲೈನಿನಲ್ಲಿ ಇಟ್ಟರೆ ತುಣುಕು ಕೆಡುತ್ತದೆ. ಆಮೇಲೆ ಎಂಥ ಬಣ್ಣ ಹಾಕಿದರೂ ನಿಜ ಹೊರಬರುವುದಿಲ್ಲ.

ಎರಡನೆಯ ಅಭಿಪ್ರಾಯಕ್ಕೆಂದು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೊರಡುವವರು ವರದಿಯ ಕಾಗದವನ್ನಷ್ಟೇ ಒಯ್ದರೆ ಸಾಲದು. ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನೂ ಗಾಜಿನ ಸ್ಲೈಡುಗಳನ್ನೂ ಮೊದಲಿನ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ. ಹೊಸ ಬಣ್ಣದ ಪರೀಕ್ಷೆ ನಡೆಯುವುದು ಅವುಗಳ ಮೇಲೆ. ಬೇಸಗೆಯ ಬಸ್ಸಿನಲ್ಲಿ ಅವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿರಿ, ಮೇಣವಲ್ಲವೇ.