ಸಹಿ ಅವಳದು, ಸಾಲ ಯಾರದು?

ವರದಕ್ಷಿಣೆ ಎಂದರೆ ಮದುವೆಯ ಹೊತ್ತಿಗೆ ಕೊಟ್ಟು ಮುಗಿಯುವ ನಗದು, ಬಂಗಾರ, ಬೈಕು ಎಂದು ತಿಳಿದವರು ಇನ್ನೂ ಬಹಳ ಮಂದಿ ಇದ್ದಾರೆ. ಆದರೆ ಮದುವೆಯಾದ ಮೇಲೂ ಅದು ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಹಿಂದೆ "ತವರಿನಿಂದ ತೆಗೆದುಕೊಂಡು ಬಾ" ಎನ್ನುತ್ತಿದ್ದರು. ಈಗ ಅದರ ಜೊತೆಗೆ "ಸಂಘದಲ್ಲಿ ಸಾಲ ಎತ್ತಿಕೊಂಡು ಬಾ" ಎನ್ನುತ್ತಾರೆ. ತವರು ಬರಿದಾದ ಮೇಲೂ ಹೆಣ್ಣಿನ ಕೈಯಲ್ಲಿ ಒಂದು ಸಹಿ ಉಳಿದಿರುತ್ತದೆ. ಆ ಸಹಿಯ ಮೇಲೆ ಹುಟ್ಟಿದ ಸಾಲವನ್ನು ಗಂಡ ಖರ್ಚು ಮಾಡಿದರೂ, ತೀರಿಸದೆ ಹೋದಾಗ ಹೆಸರು ಕೆಡುವುದು ಅವಳದು.

ನಮ್ಮ ಸಂಘಗಳ ಸಭೆಯಲ್ಲಿ ಈಚೆಗೆ "ಸಿಬಿಲ್" ಎಂಬ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಸಿಬಿಲ್ ಸರಿ ಇಲ್ಲ, ಸಾಲ ಬರುವುದಿಲ್ಲ" ಎಂದು ಬ್ಯಾಂಕಿನವರು ವಾಪಸು ಕಳಿಸುತ್ತಾರೆ. ಇದೇನೆಂದು ಮೊದಲು ತಿಳಿದುಕೊಳ್ಳೋಣ. ಸಿಬಿಲ್ ಎನ್ನುವುದು 2000ರಲ್ಲಿ ಸ್ಥಾಪನೆಯಾದ ಒಂದು ಕಂಪನಿಯ ಹೆಸರು. ಇಂದು ನಮ್ಮ ದೇಶದಲ್ಲಿ ಇಂಥ ನಾಲ್ಕು ಕಂಪನಿಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. 2005ರಲ್ಲಿ ಬಂದ ಕಾಯಿದೆಯಂತೆ ಬ್ಯಾಂಕು, ಫೈನಾನ್ಸ್ ಕಂಪನಿಗಳೆಲ್ಲ ತಮ್ಮ ಸಾಲಗಾರರ ವಿವರವನ್ನು ಇವುಗಳಿಗೆ ಕೊಡುತ್ತವೆ. ಯಾರು ಎಷ್ಟು ಸಾಲ ಪಡೆದರು, ಕಂತು ಹೊತ್ತಿಗೆ ಸರಿಯಾಗಿ ಕಟ್ಟಿದರೋ ಇಲ್ಲವೋ ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಅದನ್ನು ನೋಡಿ 300ರಿಂದ 900ರವರೆಗೆ ಅಂಕ ಹಾಕುತ್ತಾರೆ. ಅಂಕ ಹೆಚ್ಚಿದ್ದಷ್ಟು ಸಾಲ ಸುಲಭ. 2016ರಲ್ಲಿ ರಿಸರ್ವ್ ಬ್ಯಾಂಕ್ ನೀಡಿದ ಆದೇಶದಿಂದ ಸ್ವಸಹಾಯ ಸಂಘದ ಸದಸ್ಯರ ಸಾಲದ ವಿವರಗಳೂ ಈ ಲೆಕ್ಕಕ್ಕೆ ಸೇರತೊಡಗಿದವು. ಸಂಘದ ಸಾಲ ಸಂಘದ ಪುಸ್ತಕದಲ್ಲೇ ಉಳಿಯುತ್ತದೆ ಎಂದು ಯಾರೂ ತಿಳಿಯಬಾರದು.

ಈ ಲೆಕ್ಕ ನೋಡುವುದು ಸಹಿ ಯಾರದು ಎಂಬುದನ್ನು ಮಾತ್ರ. ಹಣ ಯಾರ ಜೇಬಿಗೆ ಹೋಯಿತು, ಸಹಿ ಹಾಕುವಾಗ ಅವಳ ಕೆನ್ನೆಯ ಮೇಲೆ ಬಾಸುಂಡೆ ಇತ್ತೇ ಎಂದು ಅದು ಕೇಳುವುದಿಲ್ಲ. ಗಂಡ ಹೆಂಡತಿ ಜಂಟಿಯಾಗಿ ಸಾಲ ತೆಗೆದರೆ, ಕಂತು ತಪ್ಪಿದಾಗ ಇಬ್ಬರ ಅಂಕವೂ ಇಳಿಯುತ್ತದೆ. ಗಂಡನ ಸಾಲಕ್ಕೆ ಹೆಂಡತಿ ಜಾಮೀನು ನಿಂತರೆ, 1872ರ ಒಪ್ಪಂದ ಕಾಯಿದೆಯ 128ನೇ ಕಲಮಿನಂತೆ ಜಾಮೀನುದಾರಳ ಹೊಣೆಯೂ ಸಾಲಗಾರನ ಹೊಣೆಯಷ್ಟೇ. "ಬರೀ ಜಾಮೀನು ತಾನೇ, ಒಂದು ಹೆಬ್ಬೆಟ್ಟು ಒತ್ತು" ಎನ್ನುವ ಮಾತು ಎಷ್ಟು ದೊಡ್ಡ ಸುಳ್ಳು ಎಂಬುದು ಇದರಿಂದ ತಿಳಿಯುತ್ತದೆ.

ಪೇಟೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕ್ರೆಡಿಟ್ ಕಾರ್ಡ್ ಕೂಡ ಇದೇ ರೀತಿ ಸಿಕ್ಕಿಸುತ್ತದೆ. ಒಬ್ಬರ ಹೆಸರಿನಲ್ಲಿರುವ ಖಾತೆಯ ಮೇಲೆ ಮನೆಯ ಇನ್ನೊಬ್ಬರಿಗೆ ಹೆಚ್ಚುವರಿ ಕಾರ್ಡ್ ಕೊಡುವ ಪದ್ಧತಿ ಇದೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಆ ಎರಡನೇ ಕಾರ್ಡಿನ ಖರ್ಚಿಗೂ ಮೂಲ ಕಾರ್ಡುದಾರರೇ ಹೊಣೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿರುವ ಹೆಂಡತಿ ತನ್ನ ಸಂಬಳದ ಮೇಲೆ ಕಾರ್ಡ್ ಪಡೆದು, ಗಂಡನಿಗೆ ಹೆಚ್ಚುವರಿ ಕಾರ್ಡ್ ಕೊಡಿಸಿದಳು ಎಂದಿಟ್ಟುಕೊಳ್ಳಿ. ಅವನು ಬಾರಿನಲ್ಲಿ, ಅಂಗಡಿಯಲ್ಲಿ ಮಿತಿ ಮುಟ್ಟುವವರೆಗೂ ಉಜ್ಜಿದರೆ ಬಾಕಿ ಅವಳದು, ಇಳಿಯುವ ಅಂಕವೂ ಅವಳದು. ಇದಕ್ಕೆ ತಿರುಗಾಮುರುಗ ನೋಡಿ. ಗಂಡನ ಖಾತೆಯ ಹೆಚ್ಚುವರಿ ಕಾರ್ಡಿನಲ್ಲಿ ಹೆಂಡತಿ ಹತ್ತು ವರ್ಷ ಮನೆಗೆ ದಿನಸಿ ತಂದು, ಬಿಲ್ಲಿಗೆ ತನ್ನ ಉಳಿತಾಯದ ಹಣ ಕೊಟ್ಟರೂ ಅವಳ ಹೆಸರಿಗೆ ಸಾಮಾನ್ಯವಾಗಿ ಒಳ್ಳೆಯ ದಾಖಲೆ ಕೂಡುವುದಿಲ್ಲ. ಒಳ್ಳೆಯದು ಅವನ ಲೆಕ್ಕಕ್ಕೆ, ಕೆಟ್ಟದ್ದು ಅವಳ ಲೆಕ್ಕಕ್ಕೆ. ಮನೆಗೆಲಸದ ವಿಷಯದಲ್ಲಿ ನಾವು ನೋಡುತ್ತ ಬಂದಿರುವುದೂ ಇದನ್ನೇ ಅಲ್ಲವೇ?

ವಾರದ ಕಂತಿನ ಕಿರುಸಾಲ ಪಡೆಯುವವರಿಗೆ ಇನ್ನೊಂದು ತೊಡಕಿದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಇಡೀ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಅತಿ ಸಾಲದಿಂದ ಬಡವರನ್ನು ಕಾಪಾಡಲು ಮಾಡಿದ ನಿಯಮವಿದು, ಅದರ ಉದ್ದೇಶ ಒಳ್ಳೆಯದೇ. ಆದರೆ ಗಂಡ ಹೇಳದೆ ಕೇಳದೆ ಮಾಡಿದ ಸಾಲವೂ ಈ ಲೆಕ್ಕಕ್ಕೆ ಬರುತ್ತದೆ. ಅವನ ಸಾಲ ಹೊರೆಯಾದರೆ ಹೆಂಡತಿಗೆ ಹೊಲಿಗೆ ಯಂತ್ರಕ್ಕೋ ಹಸುವಿಗೋ ಸಾಲ ಸಿಗದೆ ಹೋಗಬಹುದು.

ಹೊಡೆತ ಬಡಿತ ತಾಳಲಾರದೆ ಹೆಣ್ಣು ಮನೆ ಬಿಟ್ಟು ಹೊರಬಂದಾಗ ಇದೆಲ್ಲದರ ನಿಜವಾದ ಬಿಸಿ ತಟ್ಟುತ್ತದೆ. ಬಾಡಿಗೆ ಮನೆಗೆ ಮುಂಗಡ ಬೇಕು, ಮಕ್ಕಳ ಶಾಲೆಗೆ ಹಣ ಬೇಕು, ಸಣ್ಣ ಉದ್ಯೋಗಕ್ಕೆ ಬಂಡವಾಳ ಬೇಕು. ಆಗಲೇ ಬ್ಯಾಂಕಿನ ಬಾಗಿಲು ಮುಚ್ಚಿರುತ್ತದೆ. ಗಂಡ ಹೆಂಡತಿ ಬೇರೆಯಾಗಿರುವುದು, ಕೊನೆಗೆ ನ್ಯಾಯಾಲಯ ವಿಚ್ಛೇದನ ಕೊಟ್ಟದ್ದು ಕೂಡ ಬ್ಯಾಂಕಿನ ಜೊತೆ ಮಾಡಿದ ಕರಾರನ್ನು ತಾನಾಗಿ ಬದಲಿಸುವುದಿಲ್ಲ. ಮನೆಯಿಂದ ಬಿಡುಗಡೆ ಸಿಕ್ಕರೂ ಸಾಲದಿಂದ ಸಿಗದು. ಕೆಟ್ಟ ಗಂಡನ ಬಳಿಗೆ ಎಷ್ಟೋ ಹೆಣ್ಣುಮಕ್ಕಳು ವಾಪಸು ಹೋಗುವುದಕ್ಕೆ ಹಣದ ಈ ಕಟ್ಟೂ ಒಂದು ಕಾರಣ.

"ಗಂಡ ಹೆಂಡತಿ ನಡುವೆ ಲೆಕ್ಕವೇ?" ಎಂದು ಹಿರಿಯರು ಕೇಳುತ್ತಾರೆ. ಲೆಕ್ಕ ಇಡುತ್ತಿರುವುದು ಬ್ಯಾಂಕು, ಹೆಂಡತಿಯಲ್ಲ. ಅವಳ ಹೆಸರಿನಲ್ಲಿ ಲೆಕ್ಕ ಇರುವಾಗ ಅದನ್ನು ನೋಡುವ ಹಕ್ಕಾದರೂ ಅವಳಿಗೆ ಬೇಡವೇ? ನಂಬಿಕೆಯಿಂದ ಕೂಡಿ ಸಾಲ ಮಾಡಿ, ಕೂಡಿ ತೀರಿಸುವ ದಂಪತಿಗಳೂ ಇದ್ದಾರೆ. ಅಂಥವರಿಗೆ ಲೆಕ್ಕ ಕಂಡು ಭಯವಿರುವುದಿಲ್ಲ. ಲೆಕ್ಕ ಕೇಳಿದರೆ ಸಿಟ್ಟಾಗುವ ಮನೆಯಲ್ಲೇ ಲೆಕ್ಕ ಕೇಳಬೇಕಾದ ಅಗತ್ಯ ಹೆಚ್ಚು.

ಕಾನೂನು ಏನು ಹೇಳುತ್ತದೆ? ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ, 2005, ಆರ್ಥಿಕ ದೌರ್ಜನ್ಯವನ್ನೂ ಹಿಂಸೆ ಎಂದೇ ಕರೆಯುತ್ತದೆ. ಹಿಂಸೆಯಿಂದಾದ ಖರ್ಚು, ನಷ್ಟಗಳಿಗೆ ಹಣದ ಪರಿಹಾರ ಕೊಡಿಸಿ ಎಂದು 20ನೇ ಕಲಮಿನಡಿ ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಹಣ ಆಸ್ತಿಗಾಗಿ ಅಕ್ರಮ ಬೇಡಿಕೆಯಿಟ್ಟು ಹೆಂಡತಿಗೆ ಕಿರುಕುಳ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಂತೆ ಅಪರಾಧ. ಕಿರುಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆಯನ್ನು ತಡೆಯಲು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿತು. ಅದು ಬಾಗಿಲಿಗೆ ಬಂದು ಕೂಗಾಡುವ ವಸೂಲಿಗಾರನನ್ನು ನೋಡುತ್ತದೆ. ಸಾಲ ಮಾಡಿಸಿ ಬಾಗಿಲ ಒಳಗೆ ಕುಳಿತವನನ್ನು ನೋಡುವುದಿಲ್ಲ. ಬಲಾತ್ಕಾರದ ಒಪ್ಪಿಗೆಯನ್ನು ಪ್ರಶ್ನಿಸಲು ಒಪ್ಪಂದ ಕಾಯಿದೆಯಲ್ಲಿ ಅವಕಾಶವಿದೆ ನಿಜ, ಆದರೆ ನಾಲ್ಕು ಗೋಡೆಗಳ ನಡುವಿನ ಬಲಾತ್ಕಾರಕ್ಕೆ ಸಾಕ್ಷಿ ಹೇಳುವವರು ಯಾರು?

ಈ ಸಮಸ್ಯೆ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಮದುವೆಯಾದ ಹೆಣ್ಣು ತನ್ನದೇ ಹೆಸರಿನಲ್ಲಿ ಸಾಲ ಕೇಳಿದರೆ ಗಂಡನ ಸಹಿ ತಾ ಎನ್ನುವ ಕಾಲವಿತ್ತು. ಮಹಿಳೆಯರ ಹೋರಾಟದಿಂದ 1974ರಲ್ಲಿ ಅಲ್ಲಿ ಸಾಲದಲ್ಲಿ ಸಮಾನ ಅವಕಾಶದ ಕಾಯಿದೆ ಬಂತು. ಅಲ್ಲಿನ ಕ್ಯಾಲಿಫೋರ್ನಿಯ ರಾಜ್ಯ 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೌಟುಂಬಿಕ ಹಿಂಸೆಗೆ ಒಳಗಾದವರ ತಲೆಗೆ ಬಲವಂತವಾಗಿ ಕಟ್ಟಿದ ಸಾಲವನ್ನು ಗುರುತಿಸುವ ಕಾನೂನು ಮಾಡಿತು. ಸಾಲ ಬಲವಂತದ್ದೆಂದು ದಾಖಲೆ ಸಮೇತ ತೋರಿಸಿದರೆ ಅದನ್ನು ಅವರಿಂದ ವಸೂಲು ಮಾಡುವಂತಿಲ್ಲ. ನಮ್ಮಲ್ಲಿ ಯಾಕಾಗಬಾರದು? "ಹೀಗೆ ಬಿಟ್ಟರೆ ಎಲ್ಲರೂ ಬಲವಂತದ ಸಾಲ ಎನ್ನುತ್ತಾರೆ" ಎಂದು ಬ್ಯಾಂಕಿನವರು ಹೇಳಬಹುದು. ಸಾಲವನ್ನು ಮನ್ನಾ ಮಾಡಿ ಎಂದು ನಾವು ಕೇಳುತ್ತಿಲ್ಲ. ತಿಂದವನಿಂದ ವಸೂಲು ಮಾಡಿ, ತಿನ್ನದವಳ ಹೆಸರನ್ನು ಬಿಡಿ ಎಂದು ಕೇಳುತ್ತಿದ್ದೇವೆ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಾಲ್ಕೂ ಕಂಪನಿಗಳು ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅದನ್ನು ತರಿಸಿ ನೋಡಿ. ನಿಮಗೆ ಗೊತ್ತೇ ಇಲ್ಲದ ಸಾಲ, ತೀರಿಸಿದರೂ ಬಾಕಿ ಎಂದು ತೋರಿಸುವ ಸಾಲ ಅಲ್ಲಿದ್ದರೆ ಕೂಡಲೇ ದೂರು ಕೊಡಿ. 30 ದಿನಗಳಲ್ಲಿ ದೂರು ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಬ್ಯಾಂಕಿನಲ್ಲಿ ಯಾರ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ನಂಬರ್ ಗಂಡನದಾದರೆ ಸಂದೇಶ, ಓಟಿಪಿ ಎಲ್ಲ ಅವನಿಗೇ ಹೋಗುತ್ತವೆ. ಹೆಚ್ಚುವರಿ ಕಾರ್ಡ್ ನಿಮ್ಮ ಖಾತೆಯದಾದರೆ ಅದನ್ನು ರದ್ದು ಮಾಡಿ ಎಂದು ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಹಿಂಸೆ ಇದ್ದರೆ 181ಕ್ಕೆ ಕರೆ ಮಾಡಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರು ಬರೆಯುವ ವರದಿಯಲ್ಲಿ ಹೊಡೆತದ ಜೊತೆಗೆ ಸಾಲದ ವಿಷಯವನ್ನೂ ತಪ್ಪದೆ ಬರೆಸಿ.

ಸಂಘಗಳ ಹೊಣೆ ಇನ್ನೂ ದೊಡ್ಡದು. ನಮ್ಮ ಸಂಘಗಳಲ್ಲಿ "ಸಾಲ ಯಾತಕ್ಕೆ?" ಎಂಬ ಕಾಲಮ್ಮಿನಲ್ಲಿ "ಹೈನುಗಾರಿಕೆ" ಎಂದು ಬರೆದು ಮುಂದಿನ ಹೆಸರಿಗೆ ಹೋಗುವುದು ರೂಢಿಯಾಗಿದೆ. ಮನೆಯಲ್ಲಿ ಹಸು ಇಲ್ಲದಿರುವುದು ಎಲ್ಲರಿಗೂ ಗೊತ್ತಿರುತ್ತದೆ. ಕಂತು ತಪ್ಪಿದ ದಿನ ಅದೇ ಸದಸ್ಯೆಯರು ಅವಳ ಬಾಗಿಲಲ್ಲಿ ಹೋಗಿ ಕೂರುತ್ತಾರೆ. ಗಂಡ ಹೊರಗಿನಿಂದ ನೋಡುತ್ತ ನಿಲ್ಲುತ್ತಾನೆ. ಹೆಣ್ಣಿನ ಮೇಲೆ ಹೆಣ್ಣನ್ನೇ ಛೂ ಬಿಡುವ ಈ ಪದ್ಧತಿಗೆ ನಾವು ಒಪ್ಪಿಗೆ ಕೊಡಬಾರದು. ಸಾಲ ಮಂಜೂರು ಮಾಡುವ ಮೊದಲು ಇಬ್ಬರು ಹಿರಿಯ ಸದಸ್ಯೆಯರು ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಲಿ: "ಈ ಹಣ ಯಾರಿಗೆ ತಾಯಿ? ನಿನಗೆ ಬೇಡವಾದರೆ ಸಂಘವೇ ಒಪ್ಪಲಿಲ್ಲ ಅಂತ ನಾವು ಹೇಳುತ್ತೇವೆ." ಮನೆಯಲ್ಲಿ ಇಲ್ಲ ಎನ್ನಲಾರದವಳ ಪರವಾಗಿ ಸಂಘ ಇಲ್ಲ ಎನ್ನಲಿ. ಹಣ ಅವಳ ಸ್ವಂತ ಖಾತೆಗೇ ಹೋಗಲಿ.

ವರದಕ್ಷಿಣೆಯನ್ನು ಮನೆಯ ಖಾಸಗಿ ವಿಷಯ ಎನ್ನುತ್ತಿದ್ದ ಕಾಲದಲ್ಲಿ ಅದನ್ನು ಬೀದಿಗೆ ತಂದು ಪ್ರಶ್ನಿಸಿದವರು ಹೆಣ್ಣುಮಕ್ಕಳೇ. ಬಲವಂತದ ಸಾಲವನ್ನೂ ಹಾಗೆಯೇ ಹೆಸರಿಟ್ಟು ಕರೆಯಬೇಕಾಗಿದೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಇಡಿ. ಯಾರ ಹೆಸರಿನಲ್ಲಿ ಎಷ್ಟು ಸಾಲವಿದೆ, ಅದನ್ನು ಬಳಸಿದವರು ಯಾರು ಎಂದು ಮಾತಾಡಿ, ಠರಾವು ಬರೆದು ಒಕ್ಕೂಟಕ್ಕೆ ಕಳಿಸಿ.